ಬೀದರ ಸೀಮೆಯ ಮನೆಗಳ ಹೊರಮೈ

ದೊಡ್ಡ ಮನೆಗೆ ‘ಸೌಧ’ವೆಂದು ಹೆಸರು. ಆ ಶಬ್ದವು ‘ಸುಧಾ’ ಎಂಬುದರಿಂದ ಹುಟ್ಟಿದ್ದು. ಸುಧೆಗೆ ಅಮೃತವೆಂಬ ಅರ್ಥವಿರುವುದು ಎಲ್ಲರಿಗೂ ಗೊತ್ತು. ಸುಣ್ಣವೆಂಬ ಅರ್ಥವೂ ಅದಕ್ಕೆ ಉಂಟೆಂಬುದು ಅಷ್ಟಾಗಿ ಬಳಕೆಯಲ್ಲಿ ಉಳಿದಿಲ್ಲ. ಸುಣ್ಣದ ಗಾರೆಯನ್ನು ಮೈಗೆ ಹೊದ್ದ ಮನೆಯೇ ಸೌಧವು. ಕಟ್ಟಡದ ಎತ್ತರ, ಕಂಬಗಳ ಸಾಲು, ಅಂಗಳದ ವಿಸ್ತಾರ ಇವೊಂದನ್ನೂ ಹಿಡಿಯದೆ, ಹೊರಹೊದಿಕೆಯನ್ನೇ ಹಿಡಿದು ಹಿಂದಿನವರು ಹೆಸರಿಟ್ಟರೆಂಬುದು ವಿಚಾರಮಾಡತಕ್ಕ ಸಂಗತಿಯು. ಮಳೆ, ಬಿಸಿಲು, ಗಾಳಿಗಳನ್ನು ಮೊದಲು ಎದುರಿಸುವುದು ಹೊರಮೈ. ದಾರಿಹೋಕನು ಮೊದಲು ನೋಡುವುದೂ ಅದನ್ನೇ. ಮನೆಯ ರಕ್ಷಣೆ ಮತ್ತು ಮನೆಯ ಮರ್ಯಾದೆ ಎರಡೂ ಒಂದೇ ತೊಗಲನ್ನು ಆಶ್ರಯಿಸಿಕೊಂಡಿರುವುವು.

ಇತಿಹಾಸಕಾರರ ದೃಷ್ಟಿಯು ಸಾಮಾನ್ಯವಾಗಿ ಅರಸರ ಪಟ್ಟಾಭಿಷೇಕ, ಕೋಟೆಗಳ ಮುತ್ತಿಗೆ, ಮಂತ್ರಿಗಳ ಏಳುಬೀಳು ಇವುಗಳ ಮೇಲೆ ನೆಡುವುದುಂಟು. ಗೋಡೆಗೆ ಏನನ್ನು ಹೊದಿಸಿದರು, ಯಾಕೆ ಹೊದಿಸಿದರು, ಹೊದಿಸಿದ್ದು ಎಷ್ಟು ಕಾಲ ನಿಂತಿತು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ಆದರೆ ಬೀದರ ನಗರ, ಭಾಲ್ಕಿ, ಔರಾದ ಈ ಮೂರೂರುಗಳ ಸೀಮೆಯಲ್ಲಿ ಈ ಪ್ರಶ್ನೆಗಳಿಗೆ ಆರುನೂರು ವರ್ಷಗಳ ಉತ್ತರವು ಕಣ್ಣೆದುರಿಗೇ ನಿಂತಿರುವುದು. ಕೆಲವು ಹೊದಿಕೆಗಳು ಉಳಿದಿವೆ, ಕೆಲವು ಉದುರಿವೆ. ಉಳಿದದ್ದು ಏಕೆ ಉಳಿಯಿತು, ಉದುರಿದ್ದು ಏಕೆ ಉದುರಿತು ಎಂಬುದನ್ನು ತಿಳಿಯುವುದು ಹಳೆಯ ಮನೆಗೆ ಹೊಸ ಮುಖ ಕೊಡಬೇಕೆಂದು ಯೋಚಿಸುತ್ತಿರುವ ಇಂದಿನ ಗೃಹಸ್ಥನಿಗೂ ಪ್ರಯೋಜನಕರವಾದೀತು.

ಎರಡು ಕಲ್ಲುಗಳ ನೆಲ

ಬೀದರ ನಗರವು ಸಮುದ್ರಮಟ್ಟಕ್ಕಿಂತ ಸುಮಾರು 2,300 ಅಡಿ ಎತ್ತರದ ಒಂದು ದಿನ್ನೆಯ ಅಂಚಿನ ಮೇಲಿದೆ. ಈ ದಿನ್ನೆಯ ಮೇಲ್ಪದರವೆಲ್ಲ ಕೆಂಪಾದ ಜಂಬಿಟ್ಟಿಗೆ ಕಲ್ಲು. ಅದರ ತಳದಲ್ಲಿರುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಹರಿದುಬಂದ ಲಾವಾರಸವು ಪದರಪದರವಾಗಿ ಆರಿ ದಖ್ಖಣದ ಕರಿಕಲ್ಲಾಯಿತು. ಆ ಕರಿಕಲ್ಲೇ ಮಳೆಬಿಸಿಲುಗಳಿಗೆ ಬಹುಕಾಲ ಮೈಯೊಡ್ಡಿ, ಕರಗುವ ಅಂಶಗಳನ್ನೆಲ್ಲ ಕಳೆದುಕೊಂಡು, ಕಬ್ಬಿಣದ ಅಂಶವನ್ನು ಉಳಿಸಿಕೊಂಡು ಕೆಂಪಗಾದದ್ದು ಜಂಬಿಟ್ಟಿಗೆ. ದಿನ್ನೆಯನ್ನಿಳಿದು ಮಾಂಜರಾ ನದಿಯ ಕಡೆಗೆ, ಭಾಲ್ಕಿ ಔರಾದಗಳ ಕಡೆಗೆ ನಡೆದರೆ ಕೆಂಪು ನೆಲವು ಹಿಂದೆ ಸರಿಯುವುದು. ಎರೆಭೂಮಿಯೂ ಕರಿಕಲ್ಲೂ ಕಾಣಿಸಿಕೊಳ್ಳುವುವು. ಒಂದೇ ಜಿಲ್ಲೆಯೊಳಗೆ ಮನೆಗಳ ಮೈಬಣ್ಣವು ಹೀಗೆ ಬದಲಾಗುವುದಕ್ಕೆ ಮೂಲಕಾರಣವು ಇದು.

ಜಂಬಿಟ್ಟಿಗೆಯ ಗುಣವು ವಿಚಿತ್ರವಾದದ್ದು. ನೆಲದೊಳಗಿರುವಾಗ ಅದು ಮೆತ್ತಗಿರುವುದು. ಕೊಡಲಿಯಂಥ ಸಾಧನದಿಂದಲೇ ಕಡಿದು ತೆಗೆಯಬಹುದು. ಹೊರಗೆ ಬಂದು ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುವುದು. ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಸರಕಾರದ ವೈದ್ಯನು 1800ರಲ್ಲಿ ಮೈಸೂರು, ಕನ್ನಡ, ಮಲಬಾರ ಪ್ರಾಂತಗಳಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕನ್ನಡದ ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆಯೇ ಅಡಗಿದೆ. ಇಟ್ಟಿಗೆಯಂತೆ ಕತ್ತರಿಸಿ ಕಟ್ಟಬಹುದಾದ ಕಲ್ಲೆಂಬುದನ್ನು ಎರಡು ಭಾಷೆಗಳೂ ಬೇರೆಬೇರೆಯಾಗಿ ಕಂಡುಕೊಂಡವು.

ಆದರೆ ಈ ಕಲ್ಲಿನ ತುಂಬ ತೂತುಗಳು. ಮಳೆಯ ನೀರನ್ನು ಅದು ಕುಡಿಯುವುದು, ಕೆಳಕ್ಕೆ ಬಿಡುವುದು. ಬೀದರದ ದಿನ್ನೆಯ ಮೇಲೆ ಸುರಿದ ಮಳೆಯು ಜಂಬಿಟ್ಟಿಗೆಯೊಳಗಿಂದ ಇಳಿದು, ಕರಿಕಲ್ಲಿನ ಪದರು ಅಡ್ಡಬಂದಲ್ಲಿ ನಿಲ್ಲುತ್ತದೆ. ನೌಬಾದದಲ್ಲಿ ಬಹಮನೀ ಕಾಲದವರು ನೆಲದೊಳಗೆ ಕೊರೆದ ಕರೇಜ಼್ ಎಂಬ ಸುರಂಗಕಾಲುವೆಯು ಈ ನೀರನ್ನೇ ಹಿಡಿಯುವುದಕ್ಕಾಗಿ ಆದದ್ದು. ನೀರು ಬೇಕಾದವನಿಗೆ ಕಲ್ಲಿನ ಈ ಗುಣವು ವರವಾಯಿತು. ಅದೇ ಕಲ್ಲಿನಿಂದ ಗೋಡೆಯನ್ನೆತ್ತುವವನಿಗೆ ಅದೇ ಗುಣವು ಚಿಂತೆಯನ್ನು ತಂದಿತು.

ಕಾಸರಗೋಡಿನ ಕನ್ನಡಿಗರೂ ಇದೇ ಜಾತಿಯ ಕಲ್ಲಿನಿಂದ ಮನೆ ಕಟ್ಟುವರು. ಅಲ್ಲಿ ಅದಕ್ಕೆ ಮುರಕಲ್ಲು ಎನ್ನುವರು. ಬೇಕಲದ ಕೋಟೆಯೂ ಅದರಿಂದಲೇ ಆದದ್ದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ಸೀಮೆಯಲ್ಲಿ ಎಷ್ಟೋ ಮನೆಗಳ ಮುರಕಲ್ಲಿನ ಗೋಡೆಯು ಬರಿಮೈಯಲ್ಲಿಯೇ ನಿಂತಿರುವುದನ್ನು ಕಂಡು ಬೀದರದವನು ಬೆರಗಾದಾನು. ಅಲ್ಲಿ ಗೋಡೆಗೆ ರಕ್ಷಣೆ ದೊರೆಯುವುದು ಛಾವಣಿಯಿಂದ. ಹುಲ್ಲಿನ ಮಾಡು, ಹೆಂಚಿನ ಮಾಡು ಯಾವುದಾದರೂ ಗೋಡೆಯಿಂದ ಬಹುದೂರ ಚಾಚಿ ನೀರನ್ನು ಹೊರಗೆ ಚೆಲ್ಲುವುದು. ಬೀದರದಲ್ಲಾದರೋ ಮಳೆಯು ವರ್ಷಕ್ಕೆ ಸುಮಾರು 850 ಮಿಲಿಮೀಟರು ಮಾತ್ರ. ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ. ಚಾಚಿದ ಮಾಡಿಲ್ಲದ ಕಾರಣ ಬೀಸುಮಳೆಯು ನೆಟ್ಟಗೆ ಗೋಡೆಗೇ ಬಡಿಯುವುದು. ಆದುದರಿಂದ ಕರಾವಳಿಯ ಗೋಡೆಗೆ ಕೊಡೆಯು ಸಾಕಾದರೆ ಬೀದರದ ಗೋಡೆಗೆ ಅಂಗಿಯು ಬೇಕಾಯಿತು.

ಗಚ್ಚಿನ ಹೊದಿಕೆ

ಆ ಅಂಗಿಯೇ ಗಚ್ಚು. ಬಹಮನೀ ಸುಲ್ತಾನ ಅಹಮದಶಾಹನು (1422–1436) ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ ಮೇಲೆ ಇಲ್ಲಿ ಎದ್ದ ಅರಮನೆ, ಮಸೀದಿ, ಗೋರಿಗಳಲ್ಲಿ ಹೆಚ್ಚಿನವು ಗಚ್ಚನ್ನು ಹೊದ್ದವುಗಳೇ. ಕೋಟೆಯೊಳಗಿನ ಸೋಲಾ ಖಂಬ ಮಸೀದಿಯ ತೋರವಾದ ದುಂಡುಕಂಬಗಳನ್ನೂ, ಅಷ್ಟೂರಿನ ಗೋರಿಗಳ ಗುಮ್ಮಟಗಳನ್ನೂ ನೋಡಿದವರಿಗೆ ಈ ಕೆಲಸದ ನುಣುಪು ತಿಳಿದೇ ಇರುವುದು. ಗೋಡೆಯ ಒಳಗನ್ನೂ ಹೊರಗನ್ನೂ ಒಟ್ಟಿಗೆ ನೋಡಬಯಸುವವರು ಅಷ್ಟೂರಿನಲ್ಲಿ ಹುಮಾಯೂನಶಾಹನ ಗೋರಿಯ ಮುಂದೆ ನಿಲ್ಲಬೇಕು. 1461ರಲ್ಲಿ ಸತ್ತ ಈ ಸುಲ್ತಾನನ ಗೋರಿಗೆ ಮುಂದೆ ಸಿಡಿಲು ಬಡಿದು, ಗುಮ್ಮಟದ ಬಹುಭಾಗವು ಕುಸಿಯಿತು. ಸೀಳಿದ ಹಣ್ಣಿನಂತೆ ತೆರೆದುಕೊಂಡಿರುವ ಆ ಕಟ್ಟಡದಲ್ಲಿ ಗೋಡೆಯ ದಪ್ಪವೆಷ್ಟು, ಅದಕ್ಕೆ ಹೊದಿಸಿದ ಗಚ್ಚಿನ ತೆಳುವೆಷ್ಟು ಎಂಬುದು ಒಂದೇ ನೋಟಕ್ಕೆ ಗೊತ್ತಾಗುವುದು.

ಗಚ್ಚಿಗೆ ಬೇಕಾದ ಮೂಲದ್ರವ್ಯವು ದೂರದಿಂದ ಬರಬೇಕಾಗಿರಲಿಲ್ಲ. ಎರೆಭೂಮಿಯಲ್ಲಿ ಉಳುವಾಗ ಸಿಕ್ಕುವ ಬಿಳಿಯ ಸುಣ್ಣದ ಹರಳುಗಳನ್ನು ಒಕ್ಕಲಿಗನು ತೊಂದರೆಯೆಂದು ಬದುವಿಗೆ ಎಸೆಯುವನು. ಭಟ್ಟಿಯವನು ಅವನ್ನೇ ಆರಿಸಿ ಸುಡುವನು. ಸುಟ್ಟ ಹರಳಿಗೆ ನೀರು ಸೋಕಿದಾಗ ಅದು ಕುದಿದು ಅರಳುವುದು. ಹೀಗೆ ಅರಳಿದ ಸುಣ್ಣವನ್ನು ಮರಳಿನೊಡನೆ ಗಾಣಕ್ಕೆ ಹಾಕಿ, ವರ್ತುಲಾಕಾರದ ಕಲ್ಲಿನ ಕಾಲುವೆಯಲ್ಲಿ ಎತ್ತುಗಳಿಂದ ಎಳೆಯಲ್ಪಡುವ ಗುಂಡಿನ ಕೆಳಗೆ ಅರೆಯುವರು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಕೆಲವೆಡೆ ಉದ್ದಿನ ಹಿಟ್ಟು ಅಥವಾ ಬಿಲ್ವದ ಹಣ್ಣಿನ ಅಂಟು ಸೇರುವುದು ದಕ್ಷಿಣದೇಶದ ಗೌಂಡಿಗಳಲ್ಲಿ ರೂಢಿಯಾಗಿದ್ದಿತು. ಅರೆದ ಗಾರೆಯನ್ನು ಕೂಡಲೆ ಬಳಸದೆ ಕೆಲವು ದಿನ ಹುಳಿಯಲು ಬಿಟ್ಟು, ಗೋಡೆಗೆ ನೀರು ಹೊಡೆದು, ಮೊದಲು ಒರಟಾದದ್ದನ್ನೂ ಮೇಲೆ ನುಣುಪಾದದ್ದನ್ನೂ ಕರಣೆಯಿಂದ ಬಳಿದು, ಕಡೆಗೆ ನುಣುಪುಗಲ್ಲಿನಿಂದ ತಿಕ್ಕಿ ಹೊಳಪು ಬರಿಸುವರು.

ಈ ಶ್ರಮಕ್ಕೆ ದೊರೆಯುವ ಫಲವೇನು? ಹಸಿ ಸುಣ್ಣವು ಗಾಳಿಯೊಳಗಿನ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿ ಪುನಃ ಕಲ್ಲಾಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ. ಹೀಗೆ ಆದ ಕಲ್ಲು ಅತಿ ಗಟ್ಟಿಯಲ್ಲ, ಅತಿ ಬಿಗಿಯೂ ಅಲ್ಲ. ಗೋಡೆಯು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿದಾಗ ಅದೂ ತುಸು ಜತೆಗೂಡುವುದು. ಅದಕ್ಕಿಂತ ಮುಖ್ಯವಾದ ಗುಣವೆಂದರೆ, ಹೊಡೆದ ಮಳೆಯ ಹೆಚ್ಚಿನ ಭಾಗವನ್ನು ಹೊರಗೇ ತಡೆಯುವ ಈ ಹೊದಿಕೆಯು ಗೋಡೆಯೊಳಗೆ ಹೇಗೋ ಸೇರಿದ ತೇವವು ಆವಿಯಾಗಿ ಹೊರಬೀಳುವುದಕ್ಕೆ ದಾರಿಯನ್ನು ಬಿಡುತ್ತದೆ. ತೇವವು ಹೋಗುವಾಗ ತಂದ ಉಪ್ಪಿನಿಂದ ಹೊದಿಕೆಯು ಅಲ್ಲಲ್ಲಿ ಕೆಡಬಹುದು. ಆಗ ಕೆಟ್ಟಷ್ಟನ್ನೇ ಕೆರೆದು ಮತ್ತೆ ಬಳಿದರಾಯಿತು. ಹಬ್ಬಕ್ಕೊಮ್ಮೆ ಮನೆಗೆ ಸುಣ್ಣ ಹೊಡೆಯುವ ಸಂಪ್ರದಾಯವು ಬರಿಯ ಶೋಭೆಗಾಗಿ ಹುಟ್ಟಿದ್ದಲ್ಲವೆಂಬುದು ಇದರಿಂದ ತಿಳಿಯುವುದು. ಹೊದಿಕೆಯು ತಾನು ಸವೆದು ಗೋಡೆಯನ್ನು ಉಳಿಸುವುದು.

ಬಣ್ಣದ ಬಿಲ್ಲೆಗಳು

ಗಚ್ಚಿನ ಬಿಳುಪಿನಿಂದ ತೃಪ್ತಿಯಾಗದ ಅರಸರು ಬಣ್ಣವನ್ನು ಬಯಸಿದರು. ಬಹಮನೀ ಆಸ್ಥಾನಕ್ಕೆ ಪಾರಸೀಕ ದೇಶದಿಂದ ಬಂದವರು ಅಲ್ಲಿಯ ಮೆರುಗಿನ ಬಿಲ್ಲೆಗಳ ಕಲೆಯನ್ನು ತಂದರು. ಕಾಶಾನ ಪಟ್ಟಣದ ಹೆಸರಿನಿಂದ ಆ ಬಿಲ್ಲೆಗಳಿಗೆ ಪಾರಸಿಯಲ್ಲಿ ‘ಕಾಶೀ’ ಎಂದು ಹೆಸರು. ಕೋಟೆಯ ತಖ್ತ ಮಹಲಿನ ಕಮಾನುಗಳ ಮೇಲೆ ಹುಲಿ ಮತ್ತು ಉದಯಸೂರ್ಯರ ಲಾಂಛನವನ್ನು ಈ ಬಿಲ್ಲೆಗಳಲ್ಲಿಯೇ ಮೂಡಿಸಿದರು. ಅಷ್ಟೂರಿನಲ್ಲಿ ಎರಡನೆಯ ಅಲಾಉದ್ದೀನ ಅಹಮದಶಾಹನ (1436–1458) ಗೋರಿಯ ಮುಂಭಾಗವನ್ನು ಇವುಗಳಿಂದ ಮುಚ್ಚಿದರು. ಇವೆಲ್ಲಕ್ಕೂ ಕಿರೀಟಪ್ರಾಯವಾದುದು ಮಂತ್ರಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆಯು.

ಇರಾನದ ಗೀಲಾನ ಪ್ರಾಂತದಿಂದ ಬಂದ ಗವಾನನು ವಿದ್ಯಾಪಕ್ಷಪಾತಿ. ಮೂರಂತಸ್ತಿನ ಈ ವಿದ್ಯಾಲಯದ ಉದ್ದ 205 ಅಡಿ, ಅಗಲ 180 ಅಡಿ. ಅದರ ಮುಖದ ಎರಡು ಮೂಲೆಗಳಲ್ಲಿ ಎರಡು ಮಿನಾರುಗಳಿದ್ದವು. ನೀಲಿ, ಹಸುರು, ಹಳದಿ, ಬಿಳಿ ಬಣ್ಣಗಳ ಬಿಲ್ಲೆಗಳು ಮಿನಾರುಗಳನ್ನು ಅಂಕುಡೊಂಕಾದ ಪಟ್ಟೆಗಳಾಗಿ ಸುತ್ತಿದ್ದವು. ಮುಂಭಾಗದ ನೆತ್ತಿಯಲ್ಲಿ ಅಕ್ಷರಗಳ ಸಾಲು ಓಡಿದ್ದಿತು. ತೇವವು ನೆಲದಿಂದ ಏರದಿರಲೆಂದು ಕಟ್ಟಡದ ಬುಡದ ವರಸೆಗಳ ನಡುವೆ ಸೀಸದ ತಗಡುಗಳನ್ನು ಹಾಸಿದ್ದರೆಂಬುದು ಗಮನಿಸತಕ್ಕ ಸಂಗತಿ. ಬಿಲ್ಲೆಯ ಹೊದಿಕೆಗೆ ವೈರಿಯಾರೆಂಬುದು ಆ ಶಿಲ್ಪಿಗಳಿಗೆ ಗೊತ್ತಿತ್ತು. ಮೆರುಗಿನ ಬಿಲ್ಲೆಯ ಮುಖದಿಂದ ನೀರು ಒಳಗೆ ಹೋಗದು, ಹೊರಗೂ ಬಾರದು. ಬುಡದಿಂದಾಗಲಿ ಸಂದಿನಿಂದಾಗಲಿ ಒಮ್ಮೆ ಒಳಸೇರಿದ ತೇವವು ಬಿಲ್ಲೆಯ ಬೆನ್ನಿಗೆ ನಿಂತು ಅದನ್ನು ಹಿಡಿದಿರುವ ಗಾರೆಯನ್ನೇ ಸಡಿಲಿಸುವುದು.

ಗವಾನನ ಮುಂದಿನ ಕಥೆಯು ದುಃಖಕರವಾದದ್ದು. ಶತ್ರುಗಳು ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿ ಮೂರನೆಯ ಮುಹಮ್ಮದಶಾಹನು 1481ರಲ್ಲಿ ಆ ವೃದ್ಧ ಮಂತ್ರಿಯನ್ನು ಕೊಲ್ಲಿಸಿದನು. ಮದರಸೆಯೂ ಕಾಲಕ್ರಮದಲ್ಲಿ ವಿದ್ಯೆಯನ್ನು ಕಳೆದುಕೊಂಡಿತು. ಮೊಗಲರ ಆಳಿಕೆಯಲ್ಲಿ, 1696ರಲ್ಲಿ, ಅಲ್ಲಿಟ್ಟಿದ್ದ ಸಿಡಿಮದ್ದು ಸ್ಫೋಟಗೊಂಡು ಮುಂಭಾಗದ ಅರ್ಧವೂ ಒಂದು ಮಿನಾರೂ ನೆಲಕ್ಕುರುಳಿದವು. ಉಳಿದ ಮಿನಾರಿನ ಮೇಲೆಯೂ ಬಿಲ್ಲೆಗಳು ಎಡೆಬಿಟ್ಟು ನಿಂತಿವೆ. ಉದುರಿದ ಕಡೆಗಳಲ್ಲಿ ಗಾರೆಯೂ ಗೋಡೆಯೂ ಕಾಣುತ್ತವೆ. ಸ್ಫೋಟವನ್ನೇ ಕಾಣದ ಅಷ್ಟೂರಿನ ಅಲಾಉದ್ದೀನನ ಗೋರಿಯಲ್ಲಿಯೂ ಬಹಳಷ್ಟು ಬಿಲ್ಲೆಗಳು ಹೋಗಿರುವುದರಿಂದ, ಎಲ್ಲ ನಷ್ಟವನ್ನೂ ಸಿಡಿಮದ್ದಿನ ಮೇಲೆ ಹೊರಿಸುವಂತಿಲ್ಲ.

ಕರಿಕಲ್ಲಿನ ಕೆಲಸ

ಅದೇ ಗೋರಿಯಲ್ಲಿ ಇನ್ನೊಂದು ವಸ್ತುವು ಒಂದಿಷ್ಟೂ ಕದಲದೆ ನಿಂತಿರುವುದು. ಕಮಾನುಗಳ ಅಂಚಿಗೆ ಕೆತ್ತನೆಯ ಕರಿಕಲ್ಲನ್ನು ಕೂಡಿಸಿರುವರು. ಬಿಲ್ಲೆಯು ಹೋದಲ್ಲಿಯೂ ಈ ಕಲ್ಲಿನ ಚೌಕಟ್ಟು ಇದೆ. ಅಷ್ಟೂರಿಗೆ ಹೋಗುವ ದಾರಿಯಲ್ಲಿ ದಿಬ್ಬದ ಮೇಲಿರುವ ಹಜ಼ರತ ಖಲೀಲುಲ್ಲಾಹರ ಚೌಖಂಡಿಯಲ್ಲಿ ಇದೇ ರೀತಿಯ ಕೆಲಸವು ಇನ್ನೂ ಉನ್ನತ ಮಟ್ಟದ್ದು. ಎಂಟು ಮೂಲೆಗಳ ಆ ಕಟ್ಟಡದ ಮುಖಕ್ಕೆ ಕರಿಕಲ್ಲಿನ ಪಟ್ಟಿಕೆಗಳನ್ನು ಕೂಡಿಸಿ, ಅವುಗಳ ಮೇಲೆ ಬಳ್ಳಿಗಳನ್ನೂ ಬರಹವನ್ನೂ ಕೆತ್ತಿರುವರು. ಈ ಕಲ್ಲಿಗೆ ನೀರು ಹಿಡಿಯದು. ಅದರ ತೂಕವನ್ನು ಗಾರೆಯ ಅಂಟೊಂದೇ ಹೊರುವುದಿಲ್ಲ. ಕಲ್ಲು ಕಲ್ಲಿನ ಮೇಲೆ ಕೂತಿದೆ, ಗೋಡೆಯೊಳಕ್ಕೆ ಸೇರಿದೆ.

ಬೀದರದ ಬಿದರಿ ಕೆಲಸವನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆ ತೋರದಿರದು. ಸತುವೂ ತಾಮ್ರವೂ ಕೂಡಿದ ಪಾತ್ರೆಯ ಮೇಲೆ ಬೆಳ್ಳಿಯನ್ನು ಮೆತ್ತುವುದಿಲ್ಲ. ಮೊದಲು ಉಳಿಯಿಂದ ಗೆರೆ ತೋಡಿ, ಬೆಳ್ಳಿಯ ತಂತಿಯನ್ನು ಆ ತೋಡಿನೊಳಗೆ ಬಡಿದು ಕೂಡಿಸುವರು. ಅಲೀ ಬರೀದಶಾಹನ (1543–1580) ಕಾಲದ ರಂಗೀನ ಮಹಲಿನ ಒಳಗೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿದ ರೀತಿಯೂ ಇದೇ. ತೋಡಿನಲ್ಲಿ ಕೂತ ಅಲಂಕಾರಕ್ಕೂ ಮೇಲೆ ಅಂಟಿಸಿದ ಅಲಂಕಾರಕ್ಕೂ ಇರುವ ಅಂತರವನ್ನು ಈ ಊರಿನ ಕೈಗಳು ಬಹುಕಾಲದಿಂದ ಬಲ್ಲವು. ಇವೆರಡಕ್ಕೂ ಹಿಂದೆಯೇ ಕಲ್ಯಾಣದ ಚಾಲುಕ್ಯರ ಕಾಲದವರು ಹುಮನಾಬಾದ ತಾಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ಹೊದಿಕೆಯ ಗೊಡವೆಗೇ ಹೋಗದೆ, ಗೋಡೆಯ ಕಲ್ಲಿನಲ್ಲಿಯೇ ಮದನಿಕೆಯರನ್ನು ಕೆತ್ತಿ ನಿಲ್ಲಿಸಿದ್ದರು.

ಭಾಲ್ಕಿ, ಔರಾದಗಳ ಕಡೆ

1470ರ ಸುಮಾರಿಗೆ ಬೀದರಕ್ಕೆ ಬಂದಿದ್ದ ಅಫನಾಸಿ ನಿಕಿತಿನನೆಂಬ ರಷ್ಯದ ವರ್ತಕನು ಸುಲ್ತಾನನ ಅರಮನೆಯ ಕಲ್ಲುಗಳ ಕೆತ್ತನೆಯನ್ನೂ ಚಿನ್ನದ ಲೇಪವನ್ನೂ ಕಂಡು ಬೆರಗಾಗಿ ಬರೆದಿಟ್ಟನು. ಸರದಾರರ ಸಿರಿಯೆಷ್ಟೋ ಹಳ್ಳಿಗರ ಬಡತನವೂ ಅಷ್ಟೇ ಎಂಬುದನ್ನು ಅವನು ಕಾಣದೆ ಹೋಗಲಿಲ್ಲ. ಹಳ್ಳಿಗರ ಮನೆಗಳನ್ನು ನೋಡಬೇಕಾದರೆ ದಿನ್ನೆಯನ್ನು ಇಳಿಯಬೇಕು.

ಭಾಲ್ಕಿ ಔರಾದಗಳ ಕಡೆ ಕನ್ನಡ ಮರಾಠಿಗಳೆರಡೂ ಮನೆಯೊಳಗೇ ಕೇಳಿಬರುವುವು. ಮರಾಠಿಯಲ್ಲಿ ಹೊಲದ ನೆಲಕ್ಕೆ ‘ಕಾಳಿ’ಯೆಂದೂ ಊರಿನ ನೆಲಕ್ಕೆ ‘ಪಾಂಢರಿ’ಯೆಂದೂ ಹೇಳುವರು, ಅಂದರೆ ಕಪ್ಪಾದದ್ದು ಬೆಳೆಗೆ, ಬಿಳುಪಾದದ್ದು ವಾಸಕ್ಕೆ. ಈ ವಿಭಾಗದಲ್ಲಿ ಮನೆ ಕಟ್ಟುವವರ ಅನುಭವವು ಅಡಗಿರುವುದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಅದನ್ನು ಗೋಡೆಗೆ ಬಳಿಯಲಾಗದು. ಹಳೆಯ ಊರಿನ ಜಾಗದ ಬಿಳಿಮಣ್ಣು ಹಾಗೆ ಬಿರಿಯುವುದಿಲ್ಲ. ಅದನ್ನೇ ಹೊಟ್ಟು ಸೇರಿಸಿ ಕೊಳೆಯಿಸಿ ಗೋಡೆಗೆ ಮೆತ್ತುವುದು, ಮಾಳಿಗೆಗೆ ಹೊರುವುದು, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಮತ್ತೆ ಸಾರಿಸುವುದು ಮನೆಮಂದಿಯ ಕೆಲಸ. ಖರ್ಚಿಲ್ಲದ ಹೊದಿಕೆಯಿದು, ಶ್ರಮವು ಮಾತ್ರ ಎಂದೂ ತಪ್ಪದು. ಹೆಚ್ಚಾಗಿ ಆ ಶ್ರಮವು ಹೆಂಗಸರ ಪಾಲಿಗೆ ಬಂದಿತು.

ಅನುಕೂಲವಂತರ ವಾಡೆಗಳ ರೀತಿಯು ಬೇರೆ. ಬುಡದಲ್ಲಿ ಆಳೆತ್ತರದವರೆಗೆ ಚೊಕ್ಕವಾಗಿ ಕಡಿದ ಕರಿಕಲ್ಲಿನ ವರಸೆಗಳು; ಅವುಗಳ ಮೇಲೆ ಇಟ್ಟಿಗೆ ಅಥವಾ ಬಿಳಿಮಣ್ಣಿನ ಗೋಡೆ; ಅದಕ್ಕೆ ಸುಣ್ಣ. ನೆಲದಿಂದ ಪುಟಿಯುವ ಮಳೆನೀರೂ ದನಗಳ ಉಜ್ಜಾಟವೂ ತಾಗುವಷ್ಟು ಎತ್ತರಕ್ಕೆ ಕಲ್ಲು, ಅದರ ಮೇಲೆ ಹಗುರಾದ ವಸ್ತು ಎಂಬ ಈ ಕ್ರಮವು ಬಹು ವಿವೇಕದ್ದು. ಕೋಟೆಯೊಳಗೆ ಭಾಲ್ಕೇಶ್ವರನಿರುವ ಭಾಲ್ಕಿಯಲ್ಲಾಗಲಿ, ಅಮರೇಶ್ವರನ ಜಾತ್ರೆಗೆ ದನಗಳೊಡನೆ ಒಕ್ಕಲಿಗರು ನೆರೆಯುವ ಔರಾದದಲ್ಲಾಗಲಿ ಹಳೆಯ ಓಣಿಗಳಲ್ಲಿ ನಡೆಯುವವನು ಕಲ್ಲಿನ ಚೊಕ್ಕತನದಿಂದಲೇ ಮನೆಯವರ ಸ್ಥಿತಿಗತಿಯನ್ನು ಊಹಿಸಬಹುದಾಗಿತ್ತು.

ಕಿಲ್ಲಾರಿಯ ಪಾಠ

ಕರಿಕಲ್ಲು ಗಟ್ಟಿಯೆಂದ ಮಾತ್ರಕ್ಕೆ ಕರಿಕಲ್ಲಿನ ಗೋಡೆಯು ಗಟ್ಟಿಯೇ? ಈ ಪ್ರಶ್ನೆಗೆ ಅತ್ಯಂತ ಕ್ರೂರವಾದ ಉತ್ತರವು 1993ನೆಯ ಸಪ್ಟಂಬರ 30ರ ಬೆಳಗಿನ ಜಾವಕ್ಕೆ ಬಂದಿತು. ಅನಂತ ಚತುರ್ದಶಿಯ ಗಣೇಶವಿಸರ್ಜನೆಯನ್ನು ಮುಗಿಸಿ ಜನರು ಮಲಗಿದ್ದ ಹೊತ್ತು. ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತು ಭೂಮಿ ನಡುಗಿ, ಲಾತೂರ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 8,000 ಜನರು ಮನೆಗಳಡಿಯಲ್ಲಿಯೇ ಸತ್ತರು. ಬೀದರ ಜಿಲ್ಲೆಯ ಮನೆಗಳೂ ಅಂದು ಅಲುಗಿದವು.

ಸತ್ತವರ ಮನೆಗಳು ಬಡವರ ಗುಡಿಸಲುಗಳಾಗಿರಲಿಲ್ಲ. ಗುಡಿಸಲಿನವರು ಬಹುಮಟ್ಟಿಗೆ ಉಳಿದರು. ದಪ್ಪ ಕಲ್ಲಿನ ಗೋಡೆಯ ಮನೆಗಳೇ ಬಿದ್ದವು. ಆ ಗೋಡೆಗಳನ್ನು ಕಟ್ಟಿದ ಬಗೆಯಲ್ಲಿ ಇದರ ಕಾರಣವಿದೆ. ಹೊರಗೊಂದು, ಒಳಗೊಂದು ಕಲ್ಲಿನ ಪದರು. ನಡುವೆ ಚೂರುಗಲ್ಲು ಮತ್ತು ಮಣ್ಣು. ಹೊರಪದರಿನ ಮುಖವನ್ನು ಚೆನ್ನಾಗಿ ಕಡಿದು ಕೂಡಿಸಿದ್ದರಿಂದ ನೋಡುವವರಿಗೆ ಅದು ಏಕಶಿಲೆಯಂತೆ ತೋರುತ್ತಿದ್ದಿತು. ಆದರೆ ಈ ಮೈಯಿಂದ ಆ ಮೈಯವರೆಗೆ ಮುಟ್ಟುವ ಉದ್ದಗಲ್ಲುಗಳನ್ನು ನಡುನಡುವೆ ಇಟ್ಟಿರಲಿಲ್ಲ. ನೆಲ ಅಲುಗಿದೊಡನೆ ಎರಡು ಪದರುಗಳೂ ಬೇರೆಯಾಗಿ ಒಂದು ಹೊರಕ್ಕೂ ಒಂದು ಒಳಕ್ಕೂ ಉಬ್ಬಿದವು. ಮೇಲಿನಿಂದ ಒಂದೆರಡು ಅಡಿ ದಪ್ಪದ ಮಾಳಿಗೆಯ ಮಣ್ಣು ಕುಸಿಯಿತು. ಚಳಿಗೂ ಸೆಕೆಗೂ ಹಿತವಾಗಿದ್ದ ಭಾರವೇ ಮಲಗಿದ್ದವರ ಮೇಲೆ ಬಿದ್ದಿತು.

ಸುಂದರವಾದ ಮುಖವು ಬೆನ್ನಿನ ಗೋಡೆಯೊಡನೆ ಕಟ್ಟಿಕೊಳ್ಳದಿದ್ದರೆ ಅದು ಮನೆಯ ಅಂಗವಾಗದೆಂಬುದು ಕಿಲ್ಲಾರಿಯಿಂದ ತಿಳಿದ ಮಾತು. ಕರಿಕಲ್ಲಿನ ಮನೆಯಲ್ಲಿ ಈಗಲೂ ವಾಸಿಸುವ ಭಾಲ್ಕಿ ಔರಾದಗಳ ಕುಟುಂಬಗಳು ಗೋಡೆಗೆ ಬಣ್ಣದ ಯೋಚನೆ ಮಾಡುವುದಕ್ಕೆ ಮೊದಲು, ಆ ಗೋಡೆಯಲ್ಲಿ ಉದ್ದಗಲ್ಲುಗಳಿವೆಯೇ, ಮಾಳಿಗೆಯ ಮಣ್ಣು ವರ್ಷವರ್ಷಕ್ಕೂ ಬೆಳೆದು ಭಾರವಾಗಿದೆಯೇ ಎಂಬುದನ್ನು ಬಲ್ಲವರಿಂದ ನೋಡಿಸುವುದು ಒಳ್ಳೆಯದು. ಗೋಡೆಯಲ್ಲಿ ಅಲ್ಲಲ್ಲಿ ರಂಧ್ರ ಮಾಡಿ, ಕಬ್ಬಿಣದ ಸರಳನ್ನಿಟ್ಟು ಕಾಂಕ್ರೀಟು ತುಂಬಿ, ಎರಡು ಪದರುಗಳನ್ನೂ ಒಂದಾಗಿಸುವ ಉಪಾಯವು ಆ ಭೂಕಂಪದ ತರುವಾಯ ಬಳಕೆಗೆ ಬಂದಿದೆ.

ಸಿಮೆಂಟು ಮತ್ತು ಆಮೇಲಿನವು

ಲೀಡ್ಸ್ ಪಟ್ಟಣದ ಗೌಂಡಿಯಾದ ಜೋಸೆಫ್ ಆಸ್ಪಡಿನನು ಪೋರ್ಟ್‌ಲ್ಯಾಂಡ್ ಸಿಮೆಂಟಿನ ಹಕ್ಕನ್ನು ಪಡೆದದ್ದು 1824ರಲ್ಲಿ. ನಿಜಾಮರ ಸಂಸ್ಥಾನದೊಳಗೆ ಕಲಬುರ್ಗಿ ಜಿಲ್ಲೆಯ ಶಹಾಬಾದದಲ್ಲಿ ಸಿಮೆಂಟಿನ ಕಾರ್ಖಾನೆಯು 1920ರ ದಶಕದಲ್ಲಿ ಎದ್ದಿತು. ಅಲ್ಲಿಯ ನೆಲದ ಸುಣ್ಣಗಲ್ಲೇ ಅದಕ್ಕೆ ಮೂಲ. ಅದೇ ನೆಲದ ಪದರುಗಲ್ಲು ಶಹಾಬಾದಿ ಫರಸಿಯಾಗಿ ಈ ಭಾಗದ ಅಂಗಳಗಳಿಗೂ ಮನೆಯ ಬುಡದ ಪಟ್ಟಿಗಳಿಗೂ ಹರಡಿತು. ಸುಣ್ಣದ ಗಾಣವು ತಿರುಗುವುದಕ್ಕೆ ದಿನಗಳು ಬೇಕು, ಗಾರೆಯು ಹುಳಿಯುವುದಕ್ಕೆ ವಾರ ಬೇಕು. ಸಿಮೆಂಟಾದರೋ ಬೆಳಿಗ್ಗೆ ಕಲಸಿ ಸಂಜೆಯೊಳಗೆ ಬಳಿದು ಮುಗಿಸಬಹುದು. ಹೀಗಾಗಿ ಗಾಣಗಳು ನಿಂತವು, ಅದರೊಡನೆ ಗಚ್ಚಿನ ಗೌಂಡಿಗಳ ಕೈಚಳಕವೂ ವಿರಳವಾಯಿತು.

ಸಿಮೆಂಟಿನ ಮೇಲೆ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಸಿಮೆಂಟಿನ ಇಟ್ಟಿಗೆಯಿಂದ ಕಟ್ಟಿ, ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟಿನ ಛತ್ತು ಹೊದಿಸಿದ ಮನೆಗೆ ಸಿಮೆಂಟಿನ ಗಿಲಾವು ಸರಿಯಾಗಿ ಸಲ್ಲುವುದು. ಒಳಗೂ ಹೊರಗೂ ಒಂದೇ ಜಾತಿಯಾದುದರಿಂದ ಎರಡೂ ಕೂಡಿ ಹಿಗ್ಗಿ ಕೂಡಿ ಕುಗ್ಗುವುವು. ತೊಂದರೆಯಾಗುವುದು ಜಂಬಿಟ್ಟಿಗೆಯ ಅಥವಾ ಮಣ್ಣುಗಾರೆಯ ಹಳೆಯ ಗೋಡೆಗೆ ಅದನ್ನು ಬಳಿದಾಗ. ನೆಲದಿಂದ ಏರಿದ ತೇವವು ಸಿಮೆಂಟಿನ ಬಿಗಿಯಾದ ಪದರಿನ ಹಿಂದೆ ಸಿಕ್ಕಿಬೀಳುವುದು. ಹೊರದಾರಿಯನ್ನು ಕಾಣದೆ ಅದು ಇನ್ನೂ ಮೇಲಕ್ಕೇರುವುದು, ಇಲ್ಲವೆ ಒಳಕೋಣೆಯ ಕಡೆಗೆ ತಿರುಗುವುದು. ಗೋಡೆಯ ಉಪ್ಪು ಅದರ ಬೆನ್ನಿಗೆ ಕೂತು ಹರಳುಗಟ್ಟಿ, ಕೆಲವು ಮಳೆಗಾಲಗಳಲ್ಲಿ ಗಿಲಾವಿನ ದೊಡ್ಡ ದೊಡ್ಡ ಹಲ್ಲೆಗಳು ಕಳಚುವುವು. ಕಳಚುವಾಗ ಅವು ತಮ್ಮೊಡನೆ ಮೆತ್ತನೆಯ ಕಲ್ಲಿನ ಮೈಯನ್ನೂ ಕಿತ್ತು ತರುವುವು. ಗಚ್ಚು ತಾನು ಸವೆದು ಗೋಡೆಯನ್ನು ಉಳಿಸಿತ್ತು. ಇಲ್ಲಿ ಹೊದಿಕೆಯನ್ನು ಹೊತ್ತ ಗೋಡೆಯೇ ಸವೆಯುವುದು. ಹಳೆಯ ಮನೆಯ ಗೋಡೆಗೆ ಮೆರುಗಿನ ಬಿಲ್ಲೆಗಳನ್ನು ಹತ್ತಿಸಿದಾಗಲೂ, ನೀರು ನಿಲ್ಲದ ಬಣ್ಣವೆಂದು ಎಣ್ಣೆಯಂಥ ಬಣ್ಣವನ್ನು ಬಳಿದಾಗಲೂ ಇದೇ ಪರಿಣಾಮವು. ಮದರಸೆಯ ಗೋಡೆಯಲ್ಲಿ ಐದು ಶತಮಾನಗಳಲ್ಲಿ ನಡೆದದ್ದು ತಳದಲ್ಲಿ ಸೀಸದ ತಗಡಿಲ್ಲದ ಸಾಮಾನ್ಯ ಮನೆಯಲ್ಲಿ ಬೇಗನೆ ನಡೆದೀತು.

ಈಚೆಗೆ ಪಟ್ಟಣಗಳ ಕಟ್ಟಡಗಳಿಗೆ ಅಲ್ಯೂಮಿನಿಯಮ್ಮಿನ ಹಲಗೆಗಳನ್ನು ತೊಡಿಸುವ ವಾಡಿಕೆಯು ಬಂದಿದೆ. ಎರಡು ತೆಳು ಹಾಳೆಗಳ ನಡುವೆ ಇನ್ನೊಂದು ವಸ್ತುವನ್ನು ತುಂಬಿದ ಹಲಗೆಗಳಿವು. ನಡುವಿನ ವಸ್ತುವು ಏನೆಂಬುದು ಹೊರಗಿನಿಂದ ತಿಳಿಯದು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿಗೃಹಕ್ಕೆ 2016ರಲ್ಲಿ ಮುಗಿದ ದುರಸ್ತಿಯಲ್ಲಿ ಇಂಥ ಹಲಗೆಗಳ ಹೊಸ ಮುಖವನ್ನು ಕೊಟ್ಟಿದ್ದರು. ನಡುವೆ ಇದ್ದದ್ದು ಉರಿಯುವ ಪ್ಲಾಸ್ಟಿಕು. 2017ನೆಯ ಜೂನ್ 14ರಂದು ಒಂದು ಅಡಿಗೆಮನೆಯ ಬೆಂಕಿಯು ಕಿಟಕಿಯಿಂದ ಹೊರಬಿದ್ದು ಆ ಹೊದಿಕೆಯನ್ನು ಹಿಡಿದು ಮೇಲಕ್ಕೇರಿತು. 72 ಜನರು ಸತ್ತರು. ಒಳಗಿನ ಕಾಂಕ್ರೀಟು ಬೀಳಲಿಲ್ಲ, ಅದರ ಅಂಗಿಯೇ ಸುಟ್ಟಿತು. ಅಂಥ ಹಲಗೆಯನ್ನು ಕೊಳ್ಳುವವನು ಬಣ್ಣವನ್ನು ಕೇಳುವ ಮೊದಲು ನಡುವಿನ ವಸ್ತುವು ಉರಿಯುವುದೋ ಇಲ್ಲವೋ ಎಂದು ಕೇಳಬೇಕು.

ಉಪಸಂಹಾರ

ಬೀದರದ ಸ್ಮಾರಕಗಳನ್ನು ಅಳೆದು ವರ್ಣಿಸಿದ ಗುಲಾಮ ಯಜ಼್ದಾನಿಯವರ ದೊಡ್ಡ ಗ್ರಂಥವು 1947ರಲ್ಲಿ ಪ್ರಕಟವಾಯಿತು. ಅರಮನೆ, ಮಸೀದಿ, ಗೋರಿಗಳಿಗೆ ಅಂಥ ಒಬ್ಬ ವಿದ್ವಾಂಸರು ದೊರೆತರು. 2014ರಲ್ಲಿ ಬೀದರದ ಐತಿಹಾಸಿಕ ನಗರವು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡಿನವರ ಗಮನಕ್ಕೆ ಬೇಕಾದ ಸ್ಥಳಗಳ ಪಟ್ಟಿಯಲ್ಲಿ ಸೇರಿತು. ಆದರೆ ಓಣಿಗಳ ಸಾಮಾನ್ಯ ಮನೆಗಳನ್ನು ಕಾಪಾಡತಕ್ಕವರು ಅವುಗಳ ಒಡೆಯರೇ. ಒಂದು ಬೇಸಗೆಯ ದುರಸ್ತಿಯಲ್ಲಿ ನೂರು ವರ್ಷದ ಗಚ್ಚನ್ನು ಕೆತ್ತಿ ಹಾಕಬಹುದು. ಅದನ್ನು ಮರಳಿ ಬಳಿಯಬಲ್ಲ ಗೌಂಡಿಯು ಮುಂದಿನ ಬೇಸಗೆಗೆ ಸಿಕ್ಕುವನೆಂಬ ಭರವಸೆಯಿಲ್ಲ.

ಈ ಸೀಮೆಯ ಗೋಡೆಗಳಿಂದ ಗೃಹಸ್ಥನು ತಿಳಿಯಬಹುದಾದ ವಿವೇಕವು ಕಠಿನವಾದದ್ದೇನೂ ಅಲ್ಲ. ಮೊದಲು ಗೋಡೆಯ ಒಳಗು ಯಾವ ಜಾತಿಯದೆಂದು ನೋಡಬೇಕು. ನೀರು ಎಲ್ಲಿಂದ ಬರುವುದು, ಎಲ್ಲಿಂದ ಹೋಗುವುದು ಎಂದು ನೋಡಬೇಕು. ಹೊದಿಕೆಯು ಅಂಟಿನಿಂದ ನಿಲ್ಲುವುದೋ ಕಟ್ಟಿನಿಂದ ನಿಲ್ಲುವುದೋ ಎಂದು ನೋಡಬೇಕು. ಕೆಟ್ಟರೆ ಅಷ್ಟನ್ನೇ ತೆಗೆದು ಮಾಡಬಹುದೇ ಎಂದು ನೋಡಬೇಕು. ಬಣ್ಣದ ಮಾತು ಆಮೇಲಿನದು. ಜಂಬಿಟ್ಟಿಗೆಗೆ ಸುಣ್ಣವೂ, ಬಿಳಿಮಣ್ಣಿಗೆ ಬಿಳಿಮಣ್ಣೂ, ಸಿಮೆಂಟಿಗೆ ಸಿಮೆಂಟೂ ಒಪ್ಪುವುವು; ಕರಿಕಲ್ಲಿಗೆ ಒಳಗಟ್ಟು ಸರಿಯಿದ್ದರೆ ಯಾವ ಹೊದಿಕೆಯೂ ಬೇಡ. ಮಗಳ ಮದುವೆಗೋ ದೀಪಾವಳಿಗೋ ಮನೆಯ ಮುಖವನ್ನು ಹೊಸದು ಮಾಡಹೊರಟವರು ಕರಣೆಯನ್ನು ಎತ್ತಿಸುವುದಕ್ಕೆ ಮುನ್ನ ಒಂದು ಸಂಜೆ ಅಷ್ಟೂರಿನವರೆಗೆ ಹೋಗಿ, ಹುಮಾಯೂನನ ಗೋರಿಯ ಸೀಳನ್ನೂ ಅಲಾಉದ್ದೀನನ ಗೋರಿಯ ಬಿಲ್ಲೆಗಳನ್ನೂ ನೋಡಿಕೊಂಡು ಬಂದರೆ, ತಮ್ಮ ಮನೆಗೆ ಯಾವುದು ಸಲ್ಲುವುದೆಂಬುದನ್ನು ಗೌಂಡಿಯೊಡನೆ ಹೆಚ್ಚು ಧೈರ್ಯದಿಂದ ಮಾತಾಡಬಲ್ಲರು.